ತೋಟದ ಮನೆಯಿಂದ ಕೆಂಗೇರಿಯ ಕಾಲೇಜಿಗೆ
ಮಕ್ಕಳನ್ನು ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿಸಬೇಕೆನ್ನುವ ಬೆಳೆಗಾರ ಬಂಧುಗಳಿಗೆ ಕೆಲವು ಮಾತು

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ವಾರ ಸಂಘದ ಖರೀದಿ ಕೇಂದ್ರಗಳಲ್ಲಿ ಅಡಿಕೆಯ ಧಾರಣೆಗಿಂತ ಹೆಚ್ಚಾಗಿ ಕೇಳಿಬರುವುದು ಮಕ್ಕಳ ಮುಂದಿನ ಓದಿನ ಮಾತು. "ಎಂತ ಮಾರಾಯ್ರೇ, ಮಗಳನ್ನು ಇನ್ನು ಎಂತಕ್ಕೆ ಸೇರಿಸ್ತೀರಿ?" ಎಂದು ಒಬ್ಬರು ಕೇಳಿದರೆ, "ಪಿ.ಯು.ಸಿ. ಮುಗಿಸಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಸೆ ತಪ್ಪಲ್ಲ. ಆದರೆ ಆ ಸೀಟು ಸಿಗುವ ಕ್ರಮವೇನು, ಅದಕ್ಕೆ ಯಾವಾಗಿನಿಂದ ತಯಾರಿ ಬೇಕು, ಎಷ್ಟು ಹಣ ಯಾವ ತಿಂಗಳಲ್ಲಿ ಕೈಯಲ್ಲಿರಬೇಕು ಎಂಬುದನ್ನು ಬಹಳ ಮಂದಿ ಕೊನೆಯ ಗಳಿಗೆಯವರೆಗೆ ವಿಚಾರಿಸುವುದಿಲ್ಲ. ಅಡಿಕೆ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಕಾಯುವವರು ನಾವು. ಹತ್ತನೆಯ ತರಗತಿ ಮುಗಿದ ಮೇಲೆ ಬಿ.ಇ. ಪದವಿ ಕೈಗೆ ಬರಲೂ ಆರು ವರ್ಷವೇ ಬೇಕು. ಸಸಿ ನೆಡುವಾಗ ಜಾಗ, ನೀರು, ನೆರಳು ನೋಡುವ ನಾವು ಇಲ್ಲಿಯೂ ಅಷ್ಟೇ ಎಚ್ಚರ ವಹಿಸುವುದು ಒಳ್ಳೆಯದು.

ಕೆಂಗೇರಿಯ ಸುತ್ತ ಏನಿದೆ?

ಕೊಡಗು, ಸುಳ್ಯ ಕಡೆಯಿಂದ ಮೈಸೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವವರಿಗೆ ಪಟ್ಟಣ ಬಂತೆಂದು ತಿಳಿಯುವುದೇ ಕೆಂಗೇರಿಯಲ್ಲಿ. ಒಂದು ಕಾಲಕ್ಕೆ ಊರಿನ ಹೊರಗಿನ ಹೋಬಳಿ ಕೇಂದ್ರವಾಗಿದ್ದ ಈ ಸ್ಥಳದ ಸುತ್ತ ಇಂದು ಇಂಜಿನಿಯರಿಂಗ್ ಕಾಲೇಜುಗಳ ಸಾಲೇ ಇದೆ. ಮೈಸೂರು ರಸ್ತೆಯಲ್ಲಿ 1963ರಲ್ಲಿ ಆರಂಭವಾದ ಆರ್.ವಿ. ಇಂಜಿನಿಯರಿಂಗ್ ಕಾಲೇಜು, ಮಲ್ಲತ್ತಹಳ್ಳಿಯಲ್ಲಿ 1980ರಲ್ಲಿ ಆರಂಭವಾದ ಡಾ. ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯ, ಉತ್ತರಹಳ್ಳಿ-ಕೆಂಗೇರಿ ರಸ್ತೆಯಲ್ಲಿ 1997ರ ಜೆ.ಎಸ್.ಎಸ್. ತಾಂತ್ರಿಕ ವಿದ್ಯಾಲಯ, ಕೆಂಗೇರಿಯಲ್ಲೇ 2001ರ ಎಸ್.ಜೆ.ಬಿ. ತಾಂತ್ರಿಕ ವಿದ್ಯಾಲಯ, ಚನ್ನಸಂದ್ರದ ಬಳಿ ಆರ್.ಎನ್.ಎಸ್., ಕುಂಬಳಗೋಡಿನಲ್ಲಿ ಡಾನ್ ಬಾಸ್ಕೊ ಹೀಗೆ ಪಟ್ಟಿ ಬೆಳೆಯುತ್ತದೆ. ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವೂ ಇದೇ ದಾರಿಯಲ್ಲಿದೆ. ರೈಲು ನಿಲ್ದಾಣವಿದೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ರೈಲು ಕೆಂಗೇರಿಗೆ ಬಂತು. ಊರಿಗೆ ಹೋಗಿಬರುವ ಅನುಕೂಲವಿರುವುದರಿಂದ ನಮ್ಮ ಕಡೆಯ ಮಕ್ಕಳು ಉಪನಗರದಲ್ಲಿ ಕೋಣೆ ಮಾಡಿಕೊಂಡೋ ಹಾಸ್ಟೆಲಿನಲ್ಲೋ ಇದ್ದು ಓದುತ್ತಾರೆ.

ಆದರೆ ಒಂದೇ ರಸ್ತೆಯಲ್ಲಿರುವ ಕಾಲೇಜುಗಳೆಲ್ಲ ಒಂದೇ ಮಟ್ಟದವಲ್ಲ. ಆರ್.ವಿ. ಕಾಲೇಜಿನ ಕಂಪ್ಯೂಟರ್ ವಿಜ್ಞಾನದ ಸೀಟುಗಳು ಸಾಮಾನ್ಯ ವರ್ಗದಲ್ಲಿ ರಾಜ್ಯದ ಮೊದಲ ಕೆಲವು ನೂರು ರ‍್ಯಾಂಕುಗಳಲ್ಲೇ ಮುಗಿದುಹೋಗುತ್ತವೆ. ಅದೇ ದಾರಿಯಲ್ಲಿ ಮುಂದೆ ಹೋದರೆ ಹತ್ತಾರು ಸಾವಿರದ ರ‍್ಯಾಂಕಿಗೂ ಅದೇ ಹೆಸರಿನ ಸೀಟು ಸಿಗುವುದುಂಟು. ಬೆಟ್ಟೆಯೂ ಚಾಲಿಯೂ ಅಡಿಕೆಯೇ ಆದರೂ ಧಾರಣೆ ಒಂದೇ ಅಲ್ಲವಷ್ಟೆ.

ಹಿಂದಿನ ಕಾಲ, ಇಂದಿನ ಕ್ರಮ

ಹಿರಿಯ ಸದಸ್ಯರಿಗೆ ಕ್ಯಾಪಿಟೇಶನ್ ಶುಲ್ಕದ ಕಾಲ ನೆನಪಿರಬಹುದು. ಖಾಸಗಿ ಕಾಲೇಜಿನ ಸೀಟಿಗಾಗಿ ತೋಟದ ಒಂದು ತುಂಡು ಮಾರಿದ ಕುಟುಂಬಗಳು ಆಗ ಇದ್ದವು. ರಾಜ್ಯ ಸರ್ಕಾರ 1984ರಲ್ಲಿ ಇದನ್ನು ನಿಷೇಧಿಸುವ ಕಾಯಿದೆ ತಂದಿತು. ಕರ್ನಾಟಕದ್ದೇ ಆದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ 1994ರಿಂದ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಜಾರಿಗೆ ಬಂತು. ಗುಡ್ಡದ ಮೇಲಿನ ಶಾಲೆಯಲ್ಲಿ ಓದಿದ ಹುಡುಗಿಯೂ ರಾಜಧಾನಿಯ ಹುಡುಗನೂ ಒಂದೇ ಪಟ್ಟಿಯಲ್ಲಿ ಬರುವಂತಾದದ್ದು ಈ ಪರೀಕ್ಷೆಯಿಂದ. ಈಗ ಅದನ್ನು ನಡೆಸುವುದು ಮಲ್ಲೇಶ್ವರದಲ್ಲಿ ಕಚೇರಿಯಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನಮ್ಮಂಥ ಸಣ್ಣ ಹಿಡುವಳಿದಾರರ ಮಕ್ಕಳಿಗೆ ಇದೇ ಮುಖ್ಯ ಬಾಗಿಲು.

ಮೊದಲ ತೀರ್ಮಾನ ಹತ್ತನೆಯ ತರಗತಿಯ ನಂತರ

ಕಂಪ್ಯೂಟರ್ ಇಂಜಿನಿಯರಿಂಗ್‌ಗೆ ಪಿ.ಯು.ಸಿ.ಯಲ್ಲಿ ಕಂಪ್ಯೂಟರ್ ವಿಷಯವನ್ನೇ ಓದಿರಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದಾಗಿ ರಸಾಯನಶಾಸ್ತ್ರ ಅಥವಾ ನಿಯಮದಲ್ಲಿ ಹೇಳಿದ ಇನ್ನೊಂದು ವಿಜ್ಞಾನ ವಿಷಯ ಇರಬೇಕು. ಈ ಮೂರರಲ್ಲಿ ಒಟ್ಟು ಶೇ. 45 ಅಂಕ, ಪರಿಶಿಷ್ಟ ಹಾಗೂ ಹಿಂದುಳಿದ ವರ್ಗದವರಿಗೆ ಶೇ. 40 ಅಂಕ, ಅರ್ಹತೆಗೆ ಸಾಕು.

ಆದ್ದರಿಂದ ಬೆಳೆಗಾರರ ಮಕ್ಕಳಿಗೆ ನಮ್ಮ ಸಲಹೆಯೊಂದಿದೆ. ನಾಲ್ಕನೆಯ ವಿಷಯವಾಗಿ ಕಂಪ್ಯೂಟರ್ ಬದಲು ಜೀವಶಾಸ್ತ್ರ ತೆಗೆದುಕೊಳ್ಳುವ ಬಗ್ಗೆ ಒಮ್ಮೆ ಯೋಚಿಸಿ. ಜೀವಶಾಸ್ತ್ರ ಓದಿದವರಿಗೆ ಇಂಜಿನಿಯರಿಂಗ್ ಬಾಗಿಲು ಮುಚ್ಚುವುದಿಲ್ಲ. ಜೊತೆಗೆ ಕೃಷಿ, ತೋಟಗಾರಿಕೆ, ಅರಣ್ಯ ಪದವಿಗಳ ಬಾಗಿಲೂ ತೆರೆದಿರುತ್ತದೆ. ಆ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಪ್ರತ್ಯೇಕ ಪಾಲು ಉಂಟು. ಅದಕ್ಕೆ ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು ನಮ್ಮ ಕಾಫಿ ಸೀಮೆಯಲ್ಲೇ ಇವೆ. ಹದಿನಾರರ ವಯಸ್ಸಿನಲ್ಲಿ ಒಂದು ದಾರಿ ಮುಚ್ಚಿಕೊಳ್ಳುವುದಕ್ಕಿಂತ ಎರಡನ್ನೂ ಇಟ್ಟುಕೊಳ್ಳುವುದು ಜಾಣತನ. ಗಣಿತದ ಜೊತೆ ಜೀವಶಾಸ್ತ್ರವೂ ಹೊರೆಯಾಗುವ ಮಕ್ಕಳಿಗೆ ಮಾತ್ರ ಇದನ್ನು ಒತ್ತಾಯಿಸಬಾರದು.

ಇನ್ನೊಂದು ದಾರಿ ಪಾಲಿಟೆಕ್ನಿಕ್. ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷದ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಡಿ.ಸಿ.ಇ.ಟಿ. ಬರೆದರೆ ಬಿ.ಇ.ಯ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಸಿಗುತ್ತದೆ. ಕನ್ನಡ ಮಾಧ್ಯಮದಿಂದ ಬಂದು ಪಿ.ಯು. ವಿಜ್ಞಾನದ ಓಟಕ್ಕೆ ಹೆದರುವ ಮಕ್ಕಳಿಗೆ ಇದು ನಿಧಾನವಾದರೂ ಭದ್ರವಾದ ಮೆಟ್ಟಿಲು. ನಡುವೆ ಮನೆಯ ಪರಿಸ್ಥಿತಿ ಬದಲಾದರೆ ಡಿಪ್ಲೊಮಾದ ಮೇಲೆಯೇ ಕೆಲಸ ಹಿಡಿಯಬಹುದು.

ರ‍್ಯಾಂಕಿನ ಲೆಕ್ಕ

ಸಿ.ಇ.ಟಿ. ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ ನಡೆಯುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ತಲಾ 60 ಅಂಕ, ಒಟ್ಟು 180. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿ.ಯು.ಸಿ. ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ.

ಒಂದು ಲೆಕ್ಕ ನೋಡೋಣ. ಒಬ್ಬ ಹುಡುಗ ಪಿ.ಯು.ಸಿ.ಯ ಮೂರು ವಿಷಯಗಳಲ್ಲಿ 300ಕ್ಕೆ 270 ತೆಗೆದ, ಅಂದರೆ ಶೇ. 90. ಸಿ.ಇ.ಟಿ.ಯಲ್ಲಿ 180ಕ್ಕೆ 90, ಅಂದರೆ ಶೇ. 50. ಎರಡರ ಅರ್ಧ ಸೇರಿದರೆ 45 ಮತ್ತು 25, ಒಟ್ಟು 70. ಇನ್ನೊಬ್ಬ ಹುಡುಗಿ ಪಿ.ಯು.ಸಿ.ಯಲ್ಲಿ 240 ತೆಗೆದಳು, ಶೇ. 80. ಸಿ.ಇ.ಟಿ.ಯಲ್ಲಿ 126, ಶೇ. 70. ಅವಳದು 40 ಮತ್ತು 35, ಒಟ್ಟು 75. ಊರವರೆಲ್ಲ ಹುಡುಗನನ್ನು ಹೊಗಳಿದರೂ ಸೀಟಿನ ಸಾಲಿನಲ್ಲಿ ಮುಂದೆ ನಿಲ್ಲುವವಳು ಹುಡುಗಿ. ಅಂಕಪಟ್ಟಿ ನೋಡಿ ಹಿಗ್ಗುವ ಮುನ್ನ ಈ ಲೆಕ್ಕ ತಿಳಿದಿರಲಿ.

ಸುರತ್ಕಲ್ಲಿನ ಎನ್.ಐ.ಟಿ., ಧಾರವಾಡದ ಐ.ಐ.ಟಿ. ಮೊದಲಾದ ಕೇಂದ್ರ ಸಂಸ್ಥೆಗಳಿಗೆ ಸಿ.ಇ.ಟಿ. ನಡೆಯದು. ಅಲ್ಲಿ ಜೆ.ಇ.ಇ. ಪರೀಕ್ಷೆ ಬೇಕು. ಜೆ.ಇ.ಇ. ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲೂ ಸಿಗುತ್ತದೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಸುರತ್ಕಲ್ಲಿನ ಅರ್ಧದಷ್ಟು ಸೀಟು ಕರ್ನಾಟಕದವರಿಗೇ ಮೀಸಲು. ಆದುದರಿಂದ ಚುರುಕಾದ ಮಕ್ಕಳು ಎರಡೂ ಪರೀಕ್ಷೆ ಬರೆಯಲಿ.

ನಮ್ಮ ಮಕ್ಕಳಿಗಿರುವ ಹಕ್ಕುಗಳು

ಇಲ್ಲಿಯೇ ಅನೇಕರು ಕೈಗೆ ಬಂದದ್ದನ್ನು ಕಳೆದುಕೊಳ್ಳುವುದು. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ರಾಜ್ಯದ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15ರಷ್ಟು ಗ್ರಾಮೀಣ ಮೀಸಲಾತಿ ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಮೀಸಲಾತಿ ಇದೆ. ಎಂಟನೆಯ ತರಗತಿಗೆ ಒಳ್ಳೆಯ ಶಾಲೆಯೆಂದು ಪಟ್ಟಣ ಪಂಚಾಯಿತಿ ಅಥವಾ ಪುರಸಭೆಯ ವ್ಯಾಪ್ತಿಯೊಳಗೆ ಸೇರಿಸಿದರೆ ಗ್ರಾಮೀಣ ಹಕ್ಕು ಹೋಯಿತೆಂದೇ ಲೆಕ್ಕ. ಶಾಲೆ ಬದಲಿಸಬಾರದೆಂದು ನಾವು ಹೇಳುವುದಿಲ್ಲ. ಬದಲಿಸುವಾಗ ಏನು ಬಿಡುತ್ತಿದ್ದೇವೆಂದು ತಿಳಿದು ಬದಲಿಸಬೇಕು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕಾಗುತ್ತದೆ. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಅಷ್ಟೂ ಕಡೆ ಅಲೆಯಬೇಕು. ಈ ಕೆಲಸವನ್ನು ಪಿ.ಯು.ಸಿ. ಮೊದಲ ವರ್ಷದ ರಜೆಯಲ್ಲೇ ಮುಗಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನೂ ನಾಡಕಚೇರಿಯಿಂದ ಮುಂಚಿತವಾಗಿ ತೆಗೆಸಿಡಿ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಕಡೆ ಮನೆಹೆಸರು, ತಂದೆಯ ಹೆಸರು, ಊರಿನ ಹೆಸರು ಎಲ್ಲ ಕೂಡಿಕೊಂಡಿರುತ್ತವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಆದಾಯ ಪತ್ರದಲ್ಲಿ ಮತ್ತೊಂದು ರೀತಿ ಇದ್ದರೆ ಪರಿಶೀಲನೆಯ ವೇಳೆ ತೊಡಕಾಗುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ ಸರಿಮಾಡಿಸಿ.

ಸಾಮಾನ್ಯವಾಗಿ ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬ ನಿಯಮವಿದೆ. ಕಾಸರಗೋಡು, ಮಂಜೇಶ್ವರ ಭಾಗದ ಸದಸ್ಯರು ಇದರಿಂದ ಧೈರ್ಯಗೆಡಬೇಕಾಗಿಲ್ಲ. ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಕಲಮು ಇದೆ. ಅದರಡಿ ಅರ್ಜಿ ಹಾಕುವವರಿಗೆ ಕನ್ನಡ ಭಾಷಾ ಪರೀಕ್ಷೆಯ ನಿಯಮವೂ ಇರುವುದರಿಂದ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಗಮನವಿಟ್ಟು ಓದಿ.

ಸೀಟಿನ ಬಗೆ, ಆಯ್ಕೆಯ ಕ್ರಮ

ಅನುದಾನರಹಿತ ಖಾಸಗಿ ಕಾಲೇಜಿನ ಸೀಟುಗಳು ಸ್ಥೂಲವಾಗಿ ಮೂರು ಪಾಲಾಗಿರುತ್ತವೆ. ಸುಮಾರು ಶೇ. 45 ಸರ್ಕಾರಿ ಪಾಲು, ಇದು ಸಿ.ಇ.ಟಿ. ಮೂಲಕ. ಸುಮಾರು ಶೇ. 30 ಕಾಮೆಡ್-ಕೆ ಪರೀಕ್ಷೆಯ ಮೂಲಕ. ಉಳಿದದ್ದು ಆಡಳಿತ ಮಂಡಳಿಯದು. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಪಾಲು ಸ್ವಲ್ಪ ಬೇರೆ. ಒಂದೇ ಬೆಂಚಿನಲ್ಲಿ ಕೂತ ಮೂವರು ಮಕ್ಕಳು ಮೂರು ಬಗೆಯ ಶುಲ್ಕ ಕೊಟ್ಟಿರುತ್ತಾರೆ. ಸಿ.ಇ.ಟಿ. ಸೀಟಿನ ಶುಲ್ಕವೇ ಕಡಿಮೆ. ಕಾಮೆಡ್-ಕೆ ಸೀಟಿನ ವಾರ್ಷಿಕ ಶುಲ್ಕ ಹೆಚ್ಚಿನ ಕಾಲೇಜುಗಳಲ್ಲಿ ಎರಡು ಲಕ್ಷ ರೂಪಾಯಿ ಮೀರಿದೆ. ಆಡಳಿತ ಮಂಡಳಿ ಸೀಟಿನದು ಅದಕ್ಕೂ ಮೇಲೆ, ಹೆಸರಾಂತ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಎಲ್ಲಕ್ಕಿಂತ ಹೆಚ್ಚು.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದರೆ ಬೋಧನಾ ಶುಲ್ಕ ಮಾಫಿಯ ಹೆಚ್ಚುವರಿ ಸೀಟುಗಳಿವೆ. ಪ್ರತಿ ವಿಭಾಗದ ಸೀಟುಗಳ ಶೇ. 5ರಷ್ಟನ್ನು ಇದಕ್ಕಾಗಿ ಹೆಚ್ಚುವರಿಯಾಗಿ ಕೊಡುತ್ತಾರೆ. ಸಿ.ಇ.ಟಿ. ಅರ್ಜಿಯಲ್ಲಿ ಇದನ್ನು ಕೇಳಿಕೊಳ್ಳಲು ಮರೆತರೆ ಆಮೇಲೆ ಪ್ರಯೋಜನವಿಲ್ಲ.

ರ‍್ಯಾಂಕ್ ಬಂದ ಮೇಲೆ ಕಾಲೇಜುಗಳ ಪಟ್ಟಿಯನ್ನು ಇಷ್ಟದ ಕ್ರಮದಲ್ಲಿ ತುಂಬಬೇಕು. ಮೊದಲು ಬೇಕೆನಿಸಿದ್ದನ್ನು ಮೊದಲೇ ಬರೆಯಿರಿ. "ನಮ್ಮ ರ‍್ಯಾಂಕಿಗೆ ಅದೆಲ್ಲಿ ಸಿಕ್ಕೀತು" ಎಂದು ಮೇಲಿನದನ್ನು ಬಿಡುವುದರಿಂದ ಲಾಭವಿಲ್ಲ. ಸಿಗದಿದ್ದರೆ ಯಂತ್ರ ತಾನಾಗಿ ಮುಂದಿನದಕ್ಕೆ ಹೋಗುತ್ತದೆ. ಆದರೆ ಸೇರಲು ಮನಸ್ಸಿಲ್ಲದ ಕಾಲೇಜನ್ನು ಬರೆಯಲೇಬೇಡಿ.

ಸೀಟು ಹಂಚಿಕೆಯಾದಾಗ ನಾಲ್ಕು ಉತ್ತರಗಳಲ್ಲಿ ಒಂದನ್ನು ಕೊಡಬೇಕು. ಒಂದನೆಯದು, ಈ ಸೀಟು ಸಾಕು, ಸೇರುತ್ತೇನೆ. ಎರಡನೆಯದು, ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲೆ ಬರೆದದ್ದು ಸಿಕ್ಕರೆ ಕೊಡಿ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ನನಗೆ ಇನ್ನು ಬೇಡ. ಎರಡನೆಯದನ್ನು ಒತ್ತಿ ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿ ಬಿಟ್ಟುಹೋಗುತ್ತದೆ. ಮೂರನೆಯದರಲ್ಲಿ ಕೈಯಲ್ಲಿದ್ದದ್ದು ಅಂದೇ ಹೋಗುತ್ತದೆ. ಸೈಬರ್ ಅಂಗಡಿಯ ಹುಡುಗನಿಗೆ ಇದನ್ನು ಒಪ್ಪಿಸಿ ಹೊರಗೆ ಕಾಯುತ್ತ ನಿಲ್ಲಬೇಡಿ. ಮನೆಯವರೆಲ್ಲ ಕೂತು ತೀರ್ಮಾನಿಸಿ, ಮಗಳ ಕೈಯಿಂದಲೇ ಒತ್ತಿಸಿ.

ಗುಪ್ತಪದ, ಫೋನಿಗೆ ಬರುವ ಒ.ಟಿ.ಪಿ. ಯಾರಿಗೂ ಕೊಡಬೇಡಿ. 2024ರಲ್ಲಿ ಸೀಟು ತಡೆಹಿಡಿಯುವ ದಂಧೆ ಬಯಲಾಗಿ, ಪ್ರಾಧಿಕಾರದ ದೂರಿನ ಮೇಲೆ ಪೊಲೀಸರು ಹಲವರನ್ನು ಬಂಧಿಸಿದ್ದು ಪತ್ರಿಕೆಗಳಲ್ಲಿ ಬಂದಿದೆ. ಕೆಂಗೇರಿ ಬಸ್ ನಿಲ್ದಾಣದ ಬಳಿ "ಸೀಟು ಮಾಡಿಸಿಕೊಡುತ್ತೇವೆ" ಎನ್ನುವವರ ಮಾತಿಗೆ ಮುಂಗಡ ಕೊಡುವ ಅಗತ್ಯ ಯಾರಿಗೂ ಇಲ್ಲ.

ಹಣ ಬೇಕಾಗುವುದು ಮಳೆಗಾಲದಲ್ಲಿ

ಕಾಲೇಜಿನ ಪಂಚಾಂಗ ಮತ್ತು ತೋಟದ ಪಂಚಾಂಗ ಹೊಂದುವುದಿಲ್ಲ. ಶುಲ್ಕ ಕಟ್ಟುವ ಕಾಲ ಜುಲೈ, ಆಗಸ್ಟ್. ಕಾಫಿ ಮಾರಿದ ಹಣ ಅಷ್ಟರಲ್ಲಿ ಮರಗಸಿ, ಗೊಬ್ಬರ, ಕೂಲಿಗೆ ಹೋಗಿರುತ್ತದೆ. ಅಡಿಕೆ ತೋಟದವರಿಗೆ ಬೋರ್ಡೋ ಸಿಂಪರಣೆಯ ಖರ್ಚು ಅದೇ ಹೊತ್ತಿಗೆ. ಮಗನ ಶುಲ್ಕಕ್ಕೆಂದು ಎರಡನೆಯ ಸಿಂಪರಣೆ ಬಿಟ್ಟರೆ ಕೊಳೆರೋಗಕ್ಕೆ ಹೋಗುವ ಫಸಲು ಶುಲ್ಕಕ್ಕಿಂತ ಹೆಚ್ಚಾದೀತು.

ಆದ್ದರಿಂದ ಮಕ್ಕಳು ದ್ವಿತೀಯ ಪಿ.ಯು.ಸಿ.ಯಲ್ಲಿರುವ ವರ್ಷ ಸ್ವಲ್ಪ ಚಾಲಿಯನ್ನು ಶುಲ್ಕಕ್ಕೆಂದೇ ತೆಗೆದಿಡಿ. ಬೆಳೆಸಾಲವನ್ನು ಮಾತ್ರ ಕಾಲೇಜಿಗೆ ಹಾಕಬೇಡಿ. ಅವಧಿಯೊಳಗೆ ತೀರಿಸಿದರಷ್ಟೇ ಬಡ್ಡಿಯ ರಿಯಾಯಿತಿ. ನಾಲ್ಕು ವರ್ಷದ ಖರ್ಚನ್ನು ಒಂದು ವರ್ಷದ ಸಾಲದಲ್ಲಿ ನಡೆಸಹೋದರೆ ರಿಯಾಯಿತಿಯೂ ಹೋಗಿ ಸಂಘದಲ್ಲಿ ಸುಸ್ತಿದಾರರಾಗಬೇಕಾಗುತ್ತದೆ.

ಓದಿಗೆ ಓದಿನ ಸಾಲವೇ ಸರಿ. ಬ್ಯಾಂಕುಗಳಲ್ಲಿ 7.5 ಲಕ್ಷ ರೂಪಾಯಿವರೆಗಿನ ವಿದ್ಯಾಭ್ಯಾಸ ಸಾಲಕ್ಕೆ ಸರ್ಕಾರದ ಖಾತರಿ ವ್ಯವಸ್ಥೆ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ಸಹಾಯವೂ ಇದೆ. ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಹೋಗುವ ಮುನ್ನ ಈ ಎರಡನ್ನೂ ಕೇಳಿ. ರಾಜ್ಯ ಸರ್ಕಾರ 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿಯ ಬಗ್ಗೆಯೂ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಇನ್ನು ಕೆಂಗೇರಿಯೇ ಆಗಬೇಕೆಂದಿಲ್ಲ. ಹಾಸನದ ಮಲೆನಾಡು ಕಾಲೇಜು 1960ರಿಂದ ಇದೆ. ಚಿಕ್ಕಮಗಳೂರು, ಶಿವಮೊಗ್ಗ, ಸುಳ್ಯ, ಪುತ್ತೂರಿನಲ್ಲೂ ಕಾಲೇಜುಗಳಿವೆ. ಕೆಂಗೇರಿಯಿಂದ ರೈಲಿನಲ್ಲಿ ಹೋಗಿಬರಬಹುದಾದ ರಾಮನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೇ ಇದೆ. ಬೆಂಗಳೂರಿನಲ್ಲಿ ಕೋಣೆ, ಊಟ, ಓಡಾಟದ ಖರ್ಚು ಎಷ್ಟೋ ವೇಳೆ ಸಿ.ಇ.ಟಿ. ಶುಲ್ಕವನ್ನೇ ಮೀರುತ್ತದೆ. ಮನೆಯಿಂದಲೇ ಹೋಗಿಬರುವ ಕಾಲೇಜಿನ ಸರ್ಕಾರಿ ಸೀಟನ್ನು ಬಿಟ್ಟು, ರಾಜಧಾನಿಯ ಹೆಸರಿಗಾಗಿ ಸಾಧಾರಣ ಕಾಲೇಜಿನ ದುಬಾರಿ ಸೀಟು ಹಿಡಿಯುವ ಮುನ್ನ ನಾಲ್ಕು ವರ್ಷದ ಮೊತ್ತವನ್ನು ಕಾಗದದ ಮೇಲೆ ಬರೆದು ನೋಡಿ.

ಓದಿನ ಒಳಗೇನಿದೆ?

ಫೋನು ಚೆನ್ನಾಗಿ ನಡೆಸುವ ಹುಡುಗನಿಗೆ ಕಂಪ್ಯೂಟರ್ ವಿಜ್ಞಾನ ಒಗ್ಗುತ್ತದೆಂದು ಹೇಳಲಾಗದು. ಅಲ್ಲಿ ಓದುವುದು ಬಹುಮಟ್ಟಿಗೆ ಗಣಿತ ಮತ್ತು ತರ್ಕ. ಮಾಹಿತಿಯನ್ನು ಒಪ್ಪವಾಗಿ ಜೋಡಿಸುವ ರೀತಿ, ಲೆಕ್ಕವನ್ನು ಹಂತಹಂತವಾಗಿ ಬಿಡಿಸುವ ವಿಧಾನ, ಯಂತ್ರದ ಒಳಗಿನ ವ್ಯವಸ್ಥೆ, ಯಂತ್ರಗಳ ನಡುವಿನ ಸಂಪರ್ಕ ಇವೇ ಮುಖ್ಯ ಪಾಠಗಳು. ಕೈಬರಹದಲ್ಲಿ ಗಣಿತ ಮಾಡಲು ಬೇಸರಪಡುವ ಮಕ್ಕಳಿಗೆ ಅದು ಹಿಡಿಸುವುದು ಕಷ್ಟ. ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ ಎಂದು ಹೊಸ ಹೆಸರಿನ ವಿಭಾಗಗಳು ಬಂದಿವೆ. ತಳಹದಿಯ ಪಾಠ ಬಹುತೇಕ ಒಂದೇ. 2024-25ರಿಂದ ವಿಭಾಗವಾರು ಸೀಟಿನ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಸಡಿಲಿಸಿದ ಮೇಲೆ ಕಂಪ್ಯೂಟರ್ ಸೀಟುಗಳು ಬಹಳ ಹೆಚ್ಚಿವೆ. ಸೀಟು ಹೆಚ್ಚಿದಷ್ಟು ಬೋಧಕರು ಹೆಚ್ಚಿದ್ದಾರೆಯೇ ಎಂಬುದನ್ನು ಕಾಲೇಜಿಗೆ ಹೋಗಿ, ಅಲ್ಲಿ ಮೂರನೆಯ ವರ್ಷದಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ ತಿಳಿಯಿರಿ. ಧಾರಣೆ ಏರಿದಾಗ ಎಲ್ಲರೂ ಗದ್ದೆಗೆ ಅಡಿಕೆ ಹಾಕಿದ ಕಥೆ ನಮಗೆ ಗೊತ್ತು. ಸಾಧಾರಣ ಮಾಲಿಗೆ ಮೊದಲು ಪೆಟ್ಟು ಬೀಳುತ್ತದೆ. ಉದ್ಯೋಗದ ಮಾರುಕಟ್ಟೆಯೂ ಹಾಗೆಯೇ.

ಕನ್ನಡ ಮಾಧ್ಯಮದ ಮಕ್ಕಳು ಅಳುಕಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿಕೊಟ್ಟವರು ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್. ಹಳ್ಳಿಯ ಬುದ್ಧಿಗೆ ಈ ವಿದ್ಯೆ ದೂರವಲ್ಲ.

ತೋಟದ ಮಾತು

ಕೊನೆಗೆ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ. ಮಕ್ಕಳು ಹೋದರೆ ತೋಟ ಯಾರಿಗೆ? ಎಲೆಚುಕ್ಕೆ ರೋಗ, ಹಳದಿ ರೋಗ, ಆಳಿನ ಅಭಾವ ಇವುಗಳ ನಡುವೆ ಸಣ್ಣ ತೋಟವೊಂದನ್ನೇ ನಂಬಿ ಎಂದು ಮಕ್ಕಳಿಗೆ ಹೇಳಲು ನಮಗೆ ಧೈರ್ಯ ಸಾಲದು. ಹಾಗೆಂದು ತೋಟವೆಂದರೆ ಸೋತವರ ಜಾಗವೆಂಬಂತೆ ಮಾತಾಡುವುದನ್ನಾದರೂ ನಿಲ್ಲಿಸಬಹುದು. "ಓದದಿದ್ದರೆ ಸೊಪ್ಪು ಹೊರಬೇಕಾದೀತು" ಎಂದು ಚಿಕ್ಕಂದಿನಿಂದ ಕೇಳಿದ ಮಗು ನಾಳೆ ತೋಟದತ್ತ ತಿರುಗಿ ನೋಡೀತೇ? ರಜೆಯಲ್ಲಿ ಬಂದಾಗ ತೋಟದ ಜಮಾಖರ್ಚಿನ ಪುಸ್ತಕವನ್ನು ಮಕ್ಕಳ ಕೈಗೆ ಕೊಡಿ. ತನ್ನ ಶುಲ್ಕ ಎಷ್ಟು ಮರದ ಫಸಲಿನಿಂದ ಬಂತೆಂದು ಮಗಳು ತಾನೇ ಲೆಕ್ಕ ಹಾಕಲಿ. ಮಗನಿಗೆ ಮಾತ್ರ ಸಾಲ ಮಾಡಿ, ಮಗಳನ್ನು ಹತ್ತಿರದ ಕಾಲೇಜಿಗೆ ಕಳಿಸಿ ಮುಗಿಸುವ ಅಭ್ಯಾಸವೂ ಬಿಡಬೇಕಾದದ್ದೇ. ರ‍್ಯಾಂಕ್ ಯಾರದು ಮೇಲೋ ಸೀಟು ಅವರದು.

ಎಸ್.ಎಸ್.ಎಲ್.ಸಿ. ಓದುತ್ತಿರುವ ಮಕ್ಕಳಿರುವ ಸದಸ್ಯರು ಈ ಪುಟವನ್ನು ತೆಗೆದಿಟ್ಟುಕೊಳ್ಳಲಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುವುದರಿಂದ ಅರ್ಜಿ ಹಾಕುವ ವರ್ಷದ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯೇ ಅಂತಿಮವೆಂದು ತಿಳಿಯಿರಿ. ಈಗಾಗಲೇ ಈ ದಾರಿಯಲ್ಲಿ ಹೋಗಿ ಓದುತ್ತಿರುವ ಮಕ್ಕಳು ಊರಿಗೆ ಬಂದಾಗ ನೆರೆಮನೆಯ ಕಿರಿಯರಿಗೆ ಅರ್ಧ ದಿನ ಕೊಟ್ಟರೆ, ಅದಕ್ಕಿಂತ ದೊಡ್ಡ ಸಹಕಾರ ಬೇರೆ ಇಲ್ಲ.